ಹತ್ತಿಯ ಸೀಮೆಯಲ್ಲಿ ಕೊಟ್ಟ ಮಾತು

ಪೊಳ್ಳಾಚಿ ಹತ್ತಿರದ ನೆಗಮಂ ಊರಿನ ನೇಕಾರರ ಮನೆಗಳಲ್ಲಿ ಮಗ್ಗದ ಪಕ್ಕ ಆಡುವುದು ಕನ್ನಡ, ಬೀದಿಗೆ ಇಳಿದರೆ ತಮಿಳು. ತಲೆಮಾರುಗಳಿಂದ ತಮಿಳುನಾಡಿನಲ್ಲೇ ಹುಟ್ಟಿ ಬೆಳೆದ ಈ ದೇವಾಂಗ ಚೆಟ್ಟಿಯಾರರ ಮನೆಮಾತು ಮೈಸೂರಿನವರ ಕಿವಿಗೆ ಕೊಂಚ ಬೇರೆಯಾಗಿ ಕೇಳಿಸೀತು, ಆದರೂ ಕನ್ನಡವೇ. ಅವರು ನೇಯುವ ಹತ್ತಿ ಸೀರೆಗೆ 2023ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಸಿಕ್ಕಿತು. ಉತ್ತರಕ್ಕೆ ಮೇಟ್ಟುಪಾಳ್ಯದ ಕಡೆ ಹೋದರೆ ಸಿರುಮುಗೈ. ಅಲ್ಲಿಯ ರೇಷ್ಮೆ ಮಗ್ಗಗಳ ಹಿಂದೆ ಕೂತವರಲ್ಲೂ ದೇವಾಂಗರು ಬಹಳ. ಇವರ ಕುಲದೇವತೆ ಚೌಡೇಶ್ವರಿ. ನೇಯ್ಗೆ, ದೇವಿ, ಭಾಷೆ ಈ ಮೂರನ್ನೂ ಇವರು ಘಟ್ಟದ ಆಚೆಯಿಂದ ತಂದುಕೊಂಡರು. ಜೊತೆಗೆ ಕಣ್ಣಿಗೆ ಕಾಣದ ಇನ್ನೊಂದು ಆಸ್ತಿಯೂ ಬಂತು. ಅದರ ಬೆಲೆ ಗೊತ್ತಾಗಿದ್ದು ತೀರ ಇತ್ತೀಚೆಗೆ, ರಕ್ತದ ಕಾಯಿಲೆಯ ಮಕ್ಕಳಿಗೆ ಅಸ್ಥಿಮಜ್ಜೆಯ ದಾನಿಯನ್ನು ಹುಡುಕುವ ಕೆಲಸ ಈ ದೇಶದಲ್ಲಿ ಶುರುವಾದ ಮೇಲೆ.

ಕೊಯಮತ್ತೂರಿಗೂ ಕನ್ನಡಕ್ಕೂ ಇರುವ ನಂಟು ಹಳೆಯದು. 1799ರಲ್ಲಿ ಟಿಪ್ಪು ಬೀಳುವವರೆಗೆ ಈ ಸೀಮೆ ಮೈಸೂರಿನ ಆಳ್ವಿಕೆಯಲ್ಲಿತ್ತು. ಗಜ್ಜಲಹಟ್ಟಿ ಕಣಿವೆಯ ದಾರಿಯಲ್ಲಿ ಸೈನ್ಯ ಇಳಿದಂತೆ ವ್ಯಾಪಾರಿಗಳೂ ಕಸುಬುದಾರರೂ ಇಳಿದರು. ಮೈಸೂರು ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಸಿಕ್ಕ ಮರುವರ್ಷವೇ, 1800ರಲ್ಲಿ, ಫ್ರಾನ್ಸಿಸ್ ಬುಕನನ್ ಇದೇ ಸೀಮೆಯನ್ನು ಹಾದುಹೋಗಿ ಇಲ್ಲಿಯ ನೇಕಾರರ ಬಗ್ಗೆ ಬರೆದಿಟ್ಟ. 1909ರಲ್ಲಿ ಎಡ್ಗರ್ ಥರ್ಸ್ಟನ್ ದಕ್ಷಿಣದ ಜಾತಿಗಳ ಸಂಪುಟಗಳನ್ನು ಹೊರತಂದಾಗ ದೇವಾಂಗರಲ್ಲಿ ಕನ್ನಡ ಆಡುವವರು, ತೆಲುಗು ಆಡುವವರು ಎಂಬ ಎರಡು ಬಗೆಯನ್ನು ಗುರುತಿಸಿದ. ಕೊಯಮತ್ತೂರು, ಮಧುರೆಗಳ ಕನ್ನಡ ಮಾತಿನ ಬೇಸಾಯಗಾರರಾದ ಅನುಪ್ಪರನ್ನೂ ಬಿಡಲಿಲ್ಲ. ಕೊಳ್ಳೇಗಾಲ ತಾಲ್ಲೂಕು 1956ರ ನವೆಂಬರ್ 1ರವರೆಗೆ ಕೊಯಮತ್ತೂರು ಜಿಲ್ಲೆಯದೇ ಭಾಗ. ಅಲ್ಲಿಯವರ ಜಿಲ್ಲಾ ಕಚೇರಿಯ ಕೆಲಸವೆಲ್ಲ ಆಗ ದಿಂಬಂ ಘಟ್ಟದ ಕೆಳಗಡೆ.

ಗಡಿ ಬದಲಾಯಿತು, ಧಣಿಗಳು ಬದಲಾದರು. 1888ರಲ್ಲಿ ರಾಬರ್ಟ್ ಸ್ಟೇನ್ಸ್ ಕೊಯಮತ್ತೂರಿನಲ್ಲಿ ನೂಲಿನ ಗಿರಣಿ ತೆರೆದ. 1930ರ ದಶಕದಲ್ಲಿ ಪೈಕಾರದ ಜಲವಿದ್ಯುತ್ ಬಂದ ಮೇಲೆ ಗಿರಣಿಗಳ ಸಾಲೇ ಎದ್ದಿತು. ತಿರುಪ್ಪೂರು ಬನಿಯನ್ನಿನ ಊರಾಯಿತು. ಇಷ್ಟೆಲ್ಲ ಆದರೂ ಹೆಣ್ಣು ಕೊಡುವ, ತರುವ ಬಳಕೆ ಮಾತ್ರ ಅದೇ ಹಳೆಯ ಬಳಗದೊಳಗೆ ಉಳಿಯಿತು. ಗೋತ್ರ ಬೇರೆಯಾಗಬೇಕು, ಕುಲ ಒಂದೇ ಇರಬೇಕು. ಅಕ್ಕನ ಮಗಳು, ಸೋದರತ್ತೆಯ ಮಗ ಸಿಕ್ಕರೆ ಇನ್ನೂ ಒಳ್ಳೆಯದು. ಇದು ದೇವಾಂಗರ ಕತೆ ಮಾತ್ರವಲ್ಲ. ಕೊಂಗುನಾಡಿನ ಗೌಂಡರು, ನಾಯ್ಡುಗಳು, ಅರುಂಧತಿಯರು, ಇರುಳರು, ಎಲ್ಲರದೂ ಹೆಚ್ಚುಕಡಿಮೆ ಇದೇ.

ಮದುವೆಯ ಈ ಲೆಕ್ಕ ಆರನೆಯ ವರ್ಣತಂತುವಿನಲ್ಲಿ ದಾಖಲಾಗುತ್ತ ಬಂದಿದೆ. ನಮ್ಮ ಜೀವಕೋಶಗಳ ಮೇಲೆ ಎಚ್‌ಎಲ್‌ಎ ಎಂಬ ಪ್ರೋಟೀನುಗಳಿರುತ್ತವೆ. ಇದು ನನ್ನದು, ಇದು ಹೊರಗಿನದು ಎಂದು ದೇಹದ ಕಾವಲು ಪಡೆ ತೀರ್ಮಾನಿಸುವುದು ಇವುಗಳನ್ನು ನೋಡಿ. ಇವುಗಳ ವಂಶವಾಹಿಗಳು ಆರನೆಯ ವರ್ಣತಂತುವಿನಲ್ಲಿ ಒತ್ತೊತ್ತಾಗಿ ಕೂತಿರುವುದರಿಂದ ಒಂದು ಕಂತೆ ಅಪ್ಪನಿಂದ, ಒಂದು ಕಂತೆ ಅಮ್ಮನಿಂದ ಇಡಿಯಾಗಿಯೇ ಬರುತ್ತದೆ. ಇವುಗಳಲ್ಲಿ ಸಾವಿರಾರು ಬಗೆಗಳಿವೆ. ರಕ್ತದ ಗುಂಪು ನೋಡಿ ರಕ್ತ ಕೊಟ್ಟಷ್ಟು ಸಲೀಸಾಗಿ ಮಜ್ಜೆ ಕೊಡಲಾಗದ್ದಕ್ಕೆ ಕಾರಣ ಇದೇ. ಸಾಮಾನ್ಯವಾಗಿ ಐದು ಜಾಗಗಳಲ್ಲಿ ಎರಡೆರಡರಂತೆ ಹತ್ತು ಗುರುತುಗಳನ್ನು ಹೋಲಿಸುತ್ತಾರೆ. ಹತ್ತಕ್ಕೆ ಹತ್ತು ಹೊಂದಿದರೆ ವೈದ್ಯರಿಗೆ ನೆಮ್ಮದಿ.

ಒಡಹುಟ್ಟಿದವರು ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಐದು ಮಂದಿ ಅಣ್ಣತಮ್ಮ ಅಕ್ಕತಂಗಿಯರಿದ್ದ ಕಾಲದಲ್ಲಿ ಯಾರಾದರೊಬ್ಬರು ಹೊಂದುವ ಸಾಧ್ಯತೆ ನೂರಕ್ಕೆ 76ರಷ್ಟು. ಈಗ ತಮಿಳುನಾಡಿನಲ್ಲಿ ಒಬ್ಬ ಹೆಣ್ಣಿಗೆ ಸರಾಸರಿ ಮಕ್ಕಳ ಸಂಖ್ಯೆ ಎರಡಕ್ಕಿಂತ ಕಡಿಮೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 1.8. ಒಬ್ಬನೇ ತಮ್ಮನಿರುವ ಹುಡುಗಿಗೆ ಉಳಿದದ್ದು ನೂರಕ್ಕೆ 25. ಒಬ್ಬಳೇ ಮಗಳಾದರೆ ಅದೂ ಇಲ್ಲ. ಸೋದರಿಕೆಯ ಮದುವೆ ಇಲ್ಲಿ ಎರಡು ಬಗೆಯಲ್ಲೂ ಆಟವಾಡುತ್ತದೆ. ಥಲಸೇಮಿಯಾದಂಥ ರಕ್ತದ ಕಾಯಿಲೆ ಮಗುವಿಗೆ ಇಳಿದುಬರುವ ಅಪಾಯವನ್ನು ಹೆಚ್ಚಿಸುವುದೂ ಅದೇ. ಅಪ್ಪನೋ ಅಮ್ಮನೋ ಸೋದರಮಾವನೋ ಪೂರ್ತಿ ಹೊಂದುವ ದಾನಿಯಾಗಿ ಸಿಕ್ಕಿಬಿಡುವಂತೆ ಮಾಡುವುದೂ ಅದೇ.

ಮನೆಯೊಳಗೆ ಸಿಗದಿದ್ದರೆ ಹುಡುಕಾಟ ಬಳಗದಾಚೆಗೆ, ಪೂರ್ವಿಕರು ಒಂದೇ ಆಗಿದ್ದ ಅಪರಿಚಿತರ ಕಡೆಗೆ ಹೊರಳುತ್ತದೆ. ಮಧುರೆ ಕಾಮರಾಜ್ ವಿಶ್ವವಿದ್ಯಾಲಯದ ರಾಮಸಾಮಿ ಪಿಚ್ಚಪ್ಪನ್ ಮತ್ತು ಸಂಗಡಿಗರು ತಮಿಳುನಾಡಿನ ಸಮುದಾಯಗಳ ಎಚ್‌ಎಲ್‌ಎ ಗುರುತುಗಳ ಬಗ್ಗೆ 1984ರಲ್ಲೇ ಪ್ರಬಂಧ ಪ್ರಕಟಿಸಿದ್ದರು. ಜಾತಿಯಿಂದ ಜಾತಿಗೆ ಈ ಗುರುತುಗಳ ಹಂಚಿಕೆ ಬೇರೆಯಾಗುವುದನ್ನು ಅವರ ತಂಡ ಮುಂದೆ ತೋರಿಸಿತು. 2017ರಲ್ಲಿ ಹೈದರಾಬಾದಿನ ಕುಮಾರಸ್ವಾಮಿ ತಂಗರಾಜ್ ಮತ್ತು ಹಾರ್ವರ್ಡಿನ ಡೇವಿಡ್ ರೈಶ್ ತಂಡಗಳು ದಕ್ಷಿಣ ಏಷ್ಯಾದ 260ಕ್ಕೂ ಹೆಚ್ಚು ಸಮುದಾಯಗಳ ವಂಶವಾಹಿಗಳನ್ನು ನೋಡಿದವು. ಕೆಲವೇ ಪೂರ್ವಿಕರಿಂದ ಕವಲೊಡೆದು, ತಮ್ಮೊಳಗೇ ಮದುವೆಯಾಗುತ್ತ ಬಂದದ್ದರ ಗುರುತು ಅವುಗಳಲ್ಲಿ 81ರಲ್ಲಿ ಯುರೋಪಿನ ಅಶ್ಕೆನಾಜಿ ಯಹೂದಿಗಳಿಗಿಂತ, ಫಿನ್ಲೆಂಡಿನವರಿಗಿಂತ ಗಾಢವಾಗಿತ್ತು. ರೋಗಿಗೆ ಇದರ ಅರ್ಥ ಸರಳ: ಹೊಂದುವ ಮಜ್ಜೆ ಸಿಗುವ ಸಾಧ್ಯತೆ ಹೆಚ್ಚಿರುವುದು ತನ್ನ ಪೂರ್ವಿಕರೇ ಯಾರಿಗೆ ಪೂರ್ವಿಕರೋ ಅಂಥವರಲ್ಲಿ. ಅವರು ಯಾರೂ ದಾನಿಗಳ ನೋಂದಣಿಯಲ್ಲಿ ಹೆಸರು ಬರೆಸಿರದಿದ್ದರೆ ಜರ್ಮನಿಯ ಲಕ್ಷಾಂತರ ದಾನಿಗಳಿಂದ ಹೆಚ್ಚಿನ ಉಪಯೋಗವಿಲ್ಲ. ಅಮೆರಿಕದ ನೋಂದಣಿಯ ಮೇಲೆ 2014ರಲ್ಲಿ ನಡೆದ ಅಧ್ಯಯನ ಇದನ್ನು ಲೆಕ್ಕದಲ್ಲೇ ತೋರಿಸಿತು. ಯುರೋಪ್ ಮೂಲದ ಬಿಳಿಯರಿಗೆ ಸರಿಹೊಂದುವ ದಾನಿ ಸಿಗುವ ಸಾಧ್ಯತೆ ನೂರಕ್ಕೆ 75 ಇದ್ದರೆ, ಕೆಲವು ಕಪ್ಪು ಸಮುದಾಯಗಳಿಗೆ ಅದು ಬರೀ 16.

ಅಪರಿಚಿತನಿಗೆ ಮಜ್ಜೆ ಕೊಡುವ ಚರಿತ್ರೆ ಶುರುವಾದದ್ದು ಒಂದು ಅಪಘಾತದಿಂದ. 1958ರ ಅಕ್ಟೋಬರಿನಲ್ಲಿ ಯುಗೊಸ್ಲಾವಿಯಾದ ವಿಂಚಾ ಪರಮಾಣು ಕೇಂದ್ರದಲ್ಲಿ ಆರು ಮಂದಿ ವಿಕಿರಣಕ್ಕೆ ಸಿಕ್ಕಿದರು. ಅವರನ್ನು ಪ್ಯಾರಿಸ್ಸಿಗೆ ಕರೆತಂದಾಗ ಜಾರ್ಜ್ ಮಾಥೆ ಎಂಬ ವೈದ್ಯ ಐವರಿಗೆ ಫ್ರೆಂಚ್ ಸ್ವಯಂಸೇವಕರ ಮಜ್ಜೆ ಕೊಟ್ಟು ನೋಡಿದ. ಕೊಟ್ಟವರಿಗೆ ರೋಗಿಗಳ ಭಾಷೆಯೂ ಬಾರದು, ಇದರಿಂದ ತಮಗೇನಾದೀತೆಂಬ ಖಾತ್ರಿಯೂ ಇಲ್ಲ. ಐವರಲ್ಲಿ ನಾಲ್ವರು ಬದುಕಿದರು. ಅದೇ ವರ್ಷ, ಅದೇ ಪ್ಯಾರಿಸ್ಸಿನಲ್ಲಿ, ಜಾನ್ ದೊಸೆ ಮೊದಲ ಎಚ್‌ಎಲ್‌ಎ ಗುರುತನ್ನು ಕಂಡುಹಿಡಿದ. ಅಮೆರಿಕದಲ್ಲಿ ಡೊನಾಲ್ ಥಾಮಸ್ ಅದಾಗಲೇ ಈ ಕೆಲಸಕ್ಕೆ ಇಳಿದಿದ್ದ. ಸೋಲಿನ ಮೇಲೆ ಸೋಲು ಉಂಡರೂ ಬಿಡದ ಆತನಿಗೆ 1990ರಲ್ಲಿ ನೊಬೆಲ್ ಬಂತು.

ದಾನಿಗಳ ಪಟ್ಟಿ ಮಾಡಿಡಬೇಕೆಂದು ಹೊರಟದ್ದು ಮಾತ್ರ ವೈದ್ಯರಲ್ಲ, ಒಬ್ಬ ತಾಯಿ. ಶರ್ಲಿ ನೋಲನ್ ತನ್ನ ಮಗ ಆಂಟನಿಗಾಗಿ 1974ರಲ್ಲಿ ಲಂಡನ್ನಿನಲ್ಲಿ ಜಗತ್ತಿನ ಮೊದಲ ಮಜ್ಜೆದಾನಿಗಳ ನೋಂದಣಿ ತೆರೆದಳು. ಹೊಂದುವವರು ಸಿಗದೆ ಆಂಟನಿ 1979ರಲ್ಲಿ ತೀರಿಕೊಂಡ. ಪಟ್ಟಿ ಬೆಳೆಯುತ್ತಲೇ ಹೋಯಿತು. ಇಂದು ಜಗತ್ತಿನ ನೋಂದಣಿಗಳಲ್ಲಿ ಒಟ್ಟು 4 ಕೋಟಿಗೂ ಹೆಚ್ಚು ಹೆಸರುಗಳಿವೆ. 140 ಕೋಟಿ ಜನರಿರುವ ಭಾರತದ ಪಾಲು ಹತ್ತು ಲಕ್ಷವನ್ನೂ ಮುಟ್ಟಿಲ್ಲ.

ಭಾರತದಲ್ಲಿ ಮಜ್ಜೆಯ ಕಸಿ ಶುರುವಾದದ್ದು 1983ರಲ್ಲಿ, ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ, ಡಾ. ಸುರೇಶ್ ಅಡ್ವಾಣಿಯವರ ಕೈಯಲ್ಲಿ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಡಾ. ಮ್ಯಾಮನ್ ಚಾಂಡಿಯವರ ನೇತೃತ್ವದಲ್ಲಿ 1986ರಲ್ಲಿ ಕೈಹಾಕಿತು. ಕೊಯಮತ್ತೂರು, ತಿರುಪ್ಪೂರಿನವರಿಗೆ ವೆಲ್ಲೂರು ದೂರವಲ್ಲ. ಚೆನ್ನೈ ರೈಲು ಹತ್ತಿ ಕಾಟ್ಪಾಡಿಯಲ್ಲಿ ಇಳಿದರೆ ಸಾಕು. ಆದರೆ ಆ ಕಾಲದ ಕಸಿಗೆ ದಾನಿ ಎಂದರೆ ಒಡಹುಟ್ಟಿದವರೇ. ಅಣ್ಣನದು ಹೊಂದಲಿಲ್ಲ, ತಂಗಿಯದೂ ಹೊಂದಲಿಲ್ಲ ಎಂದಾದ ಮನೆಗಳಿಗೆ ಮುಂದಿನ ಬಾಗಿಲೇ ಇರಲಿಲ್ಲ.

ಆ ಬಾಗಿಲು ದಕ್ಷಿಣದಲ್ಲಿ ತೆರೆದದ್ದು 2009ರಲ್ಲಿ, ಚೆನ್ನೈಯಲ್ಲಿ ದಾತ್ರಿ ಎಂಬ ನೋಂದಣಿ ಸಂಸ್ಥೆ ಹುಟ್ಟಿದಾಗ. ಆಮೇಲೆ ಬೆಂಗಳೂರಿನಲ್ಲಿ, 1984ರಿಂದ ರಕ್ತನಿಧಿ ನಡೆಸಿಕೊಂಡು ಬಂದಿದ್ದ ಬ್ಯಾಂಗಳೂರ್ ಮೆಡಿಕಲ್ ಸರ್ವೀಸಸ್ ಟ್ರಸ್ಟ್ ಜರ್ಮನಿಯ ಡಿಕೆಎಂಎಸ್ ಸಂಸ್ಥೆಯ ಜೊತೆ ಸೇರಿ ಇನ್ನೊಂದು ನೋಂದಣಿ ಕಟ್ಟಿತು. ಡಿಕೆಎಂಎಸ್‌ನ ಹುಟ್ಟೂ ಒಂದು ಮನೆಯ ಸಂಕಟದಿಂದಲೇ: ಪೀಟರ್ ಹಾರ್ಫ್ ತನ್ನ ಹೆಂಡತಿ ಮೆಖ್ಟಿಲ್ಡ್‌ಗೆ ದಾನಿ ಹುಡುಕುತ್ತ 1991ರಲ್ಲಿ ಅದನ್ನು ಸ್ಥಾಪಿಸಿದ. ಕಾಲೇಜುಗಳೂ ಐಟಿ ಕಚೇರಿಗಳೂ ತುಂಬಿದ ಕೊಯಮತ್ತೂರಿನಂಥ ಊರು ದಾನಿಗಳ ಹೆಸರು ಬರೆಸಿಕೊಳ್ಳುವ ಶಿಬಿರ ನಡೆಸುವವರಿಗೆ ಹದವಾದ ನೆಲ.

ರಕ್ತದ ಕಾಯಿಲೆಗಳ ವಿಷಯದಲ್ಲಿ ಈ ಸೀಮೆಗೆ ತನ್ನದೇ ಚರಿತ್ರೆಯೂ ಇದೆ. ಭಾರತದಲ್ಲಿ ಕುಡಗೋಲು ಕಣ ರಕ್ತಹೀನತೆಯ ಗುಣವನ್ನು ಮೊದಲು ಕಂಡದ್ದು ಪಕ್ಕದ ನೀಲಗಿರಿಯ ಬುಡಕಟ್ಟುಗಳಲ್ಲಿ, 1952ರಲ್ಲಿ, ಲೇಮನ್ ಮತ್ತು ಕಟ್‌ಬುಶ್ ಎಂಬ ಸಂಶೋಧಕರ ಪರೀಕ್ಷೆಯಲ್ಲಿ. ಕೊಯಮತ್ತೂರು ಜಿಲ್ಲೆಯ ಆನೈಕಟ್ಟಿಯ ಸುತ್ತಮುತ್ತಲೂ ಇರುಳರ ಹಾಡಿಗಳಿವೆ. ಈ ಕಾಯಿಲೆಗೂ ಥಲಸೇಮಿಯಾಕ್ಕೂ ಬಹುಕಾಲದಿಂದ ಗೊತ್ತಿರುವ ಪೂರ್ಣ ಪರಿಹಾರ ಮಜ್ಜೆಯ ಕಸಿಯೇ. ಹಾಡಿಯ ಮಗುವಿಗೆ ಹೊಂದಬಲ್ಲವರು ಹಾಡಿಗಳಲ್ಲೇ ಇರುವ ಸಾಧ್ಯತೆ ಹೆಚ್ಚು. ಶಿಬಿರಗಳು ನಡೆಯುವುದು ಮಾತ್ರ ನಗರದ ಕಾಲೇಜಿನ ಅಂಗಳದಲ್ಲಿ.

ಶಿಬಿರದಲ್ಲಿ ಆಗುವ ಕೆಲಸ ಐದು ಹತ್ತು ನಿಮಿಷದ್ದು. ಅರ್ಜಿ ತುಂಬಿ, ಸಹಿ ಹಾಕಿ, ಹತ್ತಿ ಸುತ್ತಿದ ಕಡ್ಡಿಯನ್ನು ಕೆನ್ನೆಯ ಒಳಮೈಗೆ ಉಜ್ಜಿ ಲಕೋಟೆಗೆ ಹಾಕಿದರೆ ಮುಗಿಯಿತು. ಸೂಜಿಯಿಲ್ಲ, ನೋವಿಲ್ಲ, ಪಕ್ಕದಲ್ಲಿ ನಗುವ ಗೆಳೆಯರಿದ್ದಾರೆ. ಆಮೇಲೆ ವರ್ಷಗಟ್ಟಲೆ ಏನೂ ಆಗುವುದಿಲ್ಲ. ಹೆಸರು ಬರೆಸಿದವರಲ್ಲಿ ಹೆಚ್ಚಿನವರಿಗೆ ಕರೆಯೇ ಬರುವುದಿಲ್ಲ. ಬಂದರೆ ಅದು ಬರುವುದು ಹತ್ತೊಂಬತ್ತರ ಹುಡುಗ ಇಪ್ಪತ್ತೆಂಟರ ಗಂಡಸಾಗಿ, ಕೆಲಸ, ಹೆಂಡತಿ, ಕೂಸು, ಸಾಲ ಎಲ್ಲವೂ ಇರುವಾಗ.

ಕರೆಗೆ ಓಗೊಟ್ಟರೆ ಮತ್ತೊಮ್ಮೆ ರಕ್ತಪರೀಕ್ಷೆ ನಡೆಯುತ್ತದೆ, ಆಮೇಲೆ ಪೂರ್ತಿ ಆರೋಗ್ಯ ತಪಾಸಣೆ. ಈಗ ಹೆಚ್ಚಾಗಿ ಬಳಸುವುದು ರಕ್ತವನ್ನು ಹುಟ್ಟಿಸುವ ಕಾಂಡಕೋಶಗಳನ್ನು ತೋಳಿನ ರಕ್ತನಾಳದಿಂದಲೇ ತೆಗೆಯುವ ವಿಧಾನ. ನಾಲ್ಕೈದು ದಿನ ದಿನಕ್ಕೊಂದರಂತೆ ಚುಚ್ಚುಮದ್ದು. ಅದರಿಂದ ಮಜ್ಜೆಯೊಳಗಿನ ಕಾಂಡಕೋಶಗಳು ರಕ್ತಕ್ಕೆ ಇಳಿದುಬರುತ್ತವೆ. ಸೊಂಟ, ಬೆನ್ನು ಜ್ವರ ಬಂದಾಗಿನ ಹಾಗೆ ನೋಯುತ್ತವೆ, ಪ್ಯಾರಸಿಟಮಾಲ್ ನುಂಗಿ ಓಡಾಡಿಕೊಂಡಿರಬಹುದು. ಕೊನೆಯ ದಿನ ಆಸ್ಪತ್ರೆಯ ಒರಗುಕುರ್ಚಿಯಲ್ಲಿ ನಾಲ್ಕರಿಂದ ಆರು ಗಂಟೆ. ಒಂದು ತೋಳಿನಿಂದ ಹೊರಟ ರಕ್ತ ಗಿರಗಿರ ತಿರುಗುವ ಯಂತ್ರದೊಳಗೆ ಹೋಗಿ, ಕಾಂಡಕೋಶವನ್ನು ಅಲ್ಲಿ ಬಿಟ್ಟು ಇನ್ನೊಂದು ತೋಳಿಗೆ ಮರಳುತ್ತದೆ. ರಕ್ತ ಹೆಪ್ಪುಗಟ್ಟದಂತೆ ಯಂತ್ರಕ್ಕೆ ಬಿಡುವ ಸಿಟ್ರೇಟ್ ದೇಹದ ಕ್ಯಾಲ್ಸಿಯಂ ಅನ್ನು ಹಿಡಿದಿಡುವುದರಿಂದ ನಡುವೆ ತುಟಿಯ ಸುತ್ತ ಜುಮುಜುಮು ಅನ್ನಿಸುತ್ತದೆ. ಕ್ಯಾಲ್ಸಿಯಂ ಕೊಟ್ಟರೆ ಕಡಿಮೆಯಾಗುತ್ತದೆ. ಕೈ ಮಡಚುವ ಹಾಗಿಲ್ಲ, ಮೂಗು ತುರಿಸಿದರೂ ಇನ್ನೊಬ್ಬರನ್ನು ಕೇಳಬೇಕು. ಮೇಲೆ ತೂಗುಬಿಟ್ಟ ಚೀಲದಲ್ಲಿ ಕೆಂಗಂದು ಬಣ್ಣದ ದ್ರವ ನಿಧಾನವಾಗಿ ತುಂಬುತ್ತದೆ. ಅದನ್ನು ತಣ್ಣನೆಯ ಪೆಟ್ಟಿಗೆಯಲ್ಲಿಟ್ಟು, ಒಬ್ಬರು ಕೈಯಲ್ಲೇ ಹಿಡಿದು, ಸಿಕ್ಕ ಮೊದಲ ವಿಮಾನಕ್ಕೋ ರೈಲಿಗೋ ಹೊರಡುತ್ತಾರೆ.

ಹಳೆಯ ವಿಧಾನ ಪೂರ್ತಿ ಹೋಗಿಲ್ಲ. ಥಲಸೇಮಿಯಾದಂಥ ಕಾಯಿಲೆಯ ಚಿಕ್ಕ ಮಕ್ಕಳಿಗೆ ವೈದ್ಯರು ಈಗಲೂ ಮಜ್ಜೆಯನ್ನೇ ಕೇಳುವುದುಂಟು. ದಾನಿಯ ಕೋಶಗಳು ರೋಗಿಯ ಮೈಮೇಲೆ ತಿರುಗಿಬೀಳುವ ಅಪಾಯ ಅದರಲ್ಲಿ ಕಡಿಮೆ. ಆಗ ದಾನಿಗೆ ಅರಿವಳಿಕೆ ಕೊಟ್ಟು, ಸೊಂಟದ ಮೂಳೆಯ ಹಿಂಬದಿಯಿಂದ ಸೂಜಿಯಲ್ಲಿ ಎಳೆಯುತ್ತಾರೆ. ಬೆನ್ನುಹುರಿಯ ತಂಟೆಗೆ ಯಾರೂ ಹೋಗುವುದಿಲ್ಲ, ಆದರೂ ಮನೆಯವರ ಮೊದಲ ಹೆದರಿಕೆ ಅದೇ. ತೆಗೆದಷ್ಟು ಮಜ್ಜೆ ನಾಲ್ಕರಿಂದ ಆರು ವಾರದಲ್ಲಿ ಮತ್ತೆ ತುಂಬಿಕೊಳ್ಳುತ್ತದೆ.

ಆ ಕಡೆ ರೋಗಿಯ ಕೋಣೆಯಲ್ಲಿ ನಡೆಯುವುದನ್ನು ತಿಳಿದರೆ ಹೆಸರು ಬರೆಸುವುದರ ತೂಕ ಗೊತ್ತಾಗುತ್ತದೆ. ಹೊಸ ಕಾಂಡಕೋಶಗಳಿಗೆ ಜಾಗ ಮಾಡಲು, ಕಸಿಗೆ ಸುಮಾರು ಒಂದು ವಾರ ಮೊದಲೇ, ರೋಗಿಯ ಸ್ವಂತ ಮಜ್ಜೆಯನ್ನು ಬಲವಾದ ಔಷಧಗಳಿಂದ, ಕೆಲವೊಮ್ಮೆ ವಿಕಿರಣದಿಂದ, ನಾಶ ಮಾಡುತ್ತಾರೆ. ಅದಾದ ಮೇಲೆ ಹಿಂದಕ್ಕೆ ದಾರಿಯಿಲ್ಲ. ಆ ವಾರದಲ್ಲಿ ದಾನಿ ಬೇಡ ಎಂದರೆ ರೋಗಿ ಹಳೆಯ ಕಾಯಿಲೆಯಿಂದಲ್ಲ, ಚಿಕಿತ್ಸೆಯಿಂದಲೇ ಸಾಯಬಹುದು. ಹಾಗಿದ್ದೂ ದಾನಿಯನ್ನು ಯಾರೂ ಒತ್ತಾಯಿಸುವಂತಿಲ್ಲ. ಕೊನೆಯ ಗಳಿಗೆಯವರೆಗೂ ಒಲ್ಲೆ ಎನ್ನುವ ಹಕ್ಕು ಅವರದು. ಈ ದಾನಕ್ಕೆ ಹಣವನ್ನೂ ಕೊಡುವುದಿಲ್ಲ. ಕೊಟ್ಟ ಮೇಲೂ ಸಾಮಾನ್ಯವಾಗಿ ಒಂದು ವರ್ಷ ಇವರು ಯಾರು, ಅವರು ಯಾರು ಎಂದು ಇಬ್ಬರಿಗೂ ತಿಳಿಸುವುದಿಲ್ಲ. ಇಡೀ ವ್ಯವಸ್ಥೆ ನಿಂತಿರುವುದು ಮುಖ ಕಾಣದವರಿಗೆ ಕೊಟ್ಟ ಮಾತಿನ ಮೇಲೆ.

ರಕ್ತ ಕೊಡುವ ಮಾತು ದೇವಾಂಗರಿಗೆ ಹೊಸದಲ್ಲ. ವಿಜಯದಶಮಿಯ ದಿನ ಕೊಯಮತ್ತೂರಿನ ರಾಜವೀದಿಯ ಚೌಡೇಶ್ವರಿ ಅಮ್ಮನ ಗುಡಿಗೆ ಮೆರವಣಿಗೆ ಹೊರಟಾಗ ಹುಡುಗರು, ನಡುವಯಸ್ಸಿನವರು ಕೈಯಲ್ಲಿ ಕತ್ತಿ ಹಿಡಿದು, ತಾಯಿಯನ್ನು ಕೂಗಿ ಕರೆಯುತ್ತ, ಎದೆಗೂ ತೋಳಿಗೂ ಗೀರಿಕೊಳ್ಳುತ್ತ ಕುಣಿದು ಸಾಗುತ್ತಾರೆ. ಕನ್ನಡನಾಡಿನ ದೇವಾಂಗರಲ್ಲಿ ಇದಕ್ಕೆ ಅಲಗು ಸೇವೆ ಎನ್ನುತ್ತಾರೆ, ಸೇವೆ ಮಾಡುವವರು ವೀರಕುಮಾರರು. ಬರಲೊಲ್ಲದೆ ನಿಂತ ದೇವಿಯನ್ನು ರಕ್ತ ಕೊಟ್ಟು ಒಲಿಸಿಕೊಂಡ ಕತೆ ಇದರ ಹಿಂದಿದೆ. ಗಾಯದ ಮೇಲೆ ಅರಿಸಿನದ ಪುಡಿ ಎರಚಿಕೊಂಡು ಮುಂದಿನ ಹೆಜ್ಜೆ. ಇಕ್ಕೆಲದಲ್ಲೂ ಜನ ಕಿಕ್ಕಿರಿದಿರುತ್ತಾರೆ. ದೇವಿಗೆ ಹೊತ್ತ ಸೇವೆಗೆ ಊರೆಲ್ಲ ಸಾಕ್ಷಿ, ತಪ್ಪಿಸಿಕೊಂಡರೆ ಮನೆಯ ಹಿರಿಯರೇ ಕೇಳುತ್ತಾರೆ. ನೋಂದಣಿಗೆ ಕೊಟ್ಟ ಮಾತಿಗೆ ಇರುವ ಸಾಕ್ಷಿ ಒಂದು ಮೊಬೈಲ್ ನಂಬರು. ಅದು ಬದಲಾದರೆ ದಾನಿ ಕಳೆದುಹೋದಂತೆ. ನಂಬರು ಸಿಕ್ಕರೂ ಎಷ್ಟೋ ಸಲ ಇಲ್ಲ ಎನ್ನುವುದು ದಾನಿಯಲ್ಲ, ಅವನ ಅಮ್ಮ ಅಥವಾ ಹೆಂಡತಿ. ಅದಕ್ಕೇ ನೋಂದಣಿಯ ಸಿಬ್ಬಂದಿ ದಾನಿಗಿಂತ ಹೆಚ್ಚು ಹೊತ್ತು ಮನೆಯವರ ಜೊತೆ ಕೂತು ಮಾತಾಡಬೇಕಾಗುತ್ತದೆ.

ಹೆಣ್ಣುಮಕ್ಕಳ ವಿಷಯದಲ್ಲಿ ಈ ಮಾತು ಇನ್ನೂ ಉದ್ದವಾಗುತ್ತದೆ. ಮದುವೆಗೆ ಮುಂಚೆ ಹೆಸರು ಬರೆಸಿದವಳ ಕರೆ ಗಂಡನ ಮನೆಗೆ ಬರುತ್ತದೆ. ಮುಂದೆ ಮಕ್ಕಳಾದಾವೇ ಎಂಬ ಅನುಮಾನ ಏಳುತ್ತದೆ. ಬಸುರಿಯಾಗಿದ್ದವರ ರಕ್ತದಲ್ಲಿ ಕೆಲವು ಪ್ರತಿಕಾಯಗಳು ಉಳಿದಿರಬಹುದು ಎಂಬ ಕಾರಣಕ್ಕೆ ವೈದ್ಯರೂ ಆಯ್ಕೆಯಿದ್ದರೆ ಗಂಡು ದಾನಿಯನ್ನೇ ಆರಿಸುತ್ತಾರೆ. ಇಂಥದ್ದರಲ್ಲಿ, ಕೆಲವು ವರ್ಷಗಳ ಹಿಂದೆ, ಗಂಡನ ಜೊತೆ ದಾತ್ರಿಯಲ್ಲಿ ಹೆಸರು ಬರೆಸಿದ್ದ ಕೊಯಮತ್ತೂರು ಸೀಮೆಯ ಒಬ್ಬ ಗೃಹಿಣಿ ಥಲಸೇಮಿಯಾ ಇದ್ದ ಹಸುಳೆಯೊಂದಕ್ಕೆ ಮಜ್ಜೆ ಕೊಟ್ಟ ಸುದ್ದಿ ಬಂತು. ಆಕೆ ಹೀಗೆ ಮಜ್ಜೆ ಕೊಟ್ಟ ದೇಶದ ಮೊದಲ ಮಹಿಳೆ ಎಂದು ಪತ್ರಿಕೆಗಳು ಬರೆದವು. ಅಕ್ಕತಂಗಿಯರೂ ತಾಯಂದಿರೂ ತಮ್ಮವರಿಗೆ ಮಜ್ಜೆ ಕೊಡುತ್ತ ಬಂದು ದಶಕಗಳೇ ಆಗಿದ್ದವು. ಇಲ್ಲಿ ಹೊಸದೆಂದರೆ ಮಗು ತನ್ನವರದಲ್ಲ ಎಂಬುದು.

ಪೂರ್ತಿ ಹೊಂದುವವರು ಸಿಗದಿದ್ದಾಗ ಈಗ ಇನ್ನೊಂದು ದಾರಿಯಿದೆ. ಅರ್ಧದಷ್ಟೇ ಹೊಂದುವ ಅಪ್ಪ ಅಥವಾ ಅಮ್ಮನಿಂದ ಕಾಂಡಕೋಶ ಪಡೆದು, ಕಸಿಯಾದ ಮೇಲೆ ಸೈಕ್ಲೋಫಾಸ್ಫಮೈಡ್ ಕೊಟ್ಟು ದಾನಿಯ ಕೋಶಗಳ ಹಗೆಯನ್ನು ತಗ್ಗಿಸುವ ವಿಧಾನ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ರೂಪುಗೊಂಡ ಇದು ಭಾರತದಲ್ಲೂ ಬೇಗ ಹರಡಿತು, ಏಕೆಂದರೆ ಇಲ್ಲಿ ಪಟ್ಟಿ ಚಿಕ್ಕದು, ವಿದೇಶದಿಂದ ಕಾಂಡಕೋಶ ತರಿಸುವ ಖರ್ಚು ದೊಡ್ಡದು. ಆದರೂ ಎಲ್ಲ ಕಾಯಿಲೆಗೂ, ಎಲ್ಲ ರೋಗಿಗೂ ಇದೇ ಸರಿ ಎನ್ನುವಂತಿಲ್ಲ. ಮನೆಯಲ್ಲಿ ಅಪ್ಪ ಅಮ್ಮನೇ ಇಲ್ಲದವರೂ ಇದ್ದಾರೆ.

ತಿರುಪ್ಪೂರಿನಲ್ಲಿ ಈ ಲೆಕ್ಕ ಮತ್ತೆ ಬದಲಾಗುತ್ತಿದೆ. ಬನಿಯನ್ ಕಾರ್ಖಾನೆಗಳಿಗೆ ಮೊದಲು ಜನ ಬಂದದ್ದು ಸುತ್ತಲ ಹಳ್ಳಿಗಳಿಂದ, ಆಮೇಲೆ ಮಧುರೆ, ತಿರುನೆಲ್ವೇಲಿ ಕಡೆಯಿಂದ. ಈಗ ಒಡಿಶಾ, ಬಿಹಾರ, ಜಾರ್ಖಂಡ್, ಅಸ್ಸಾಮಿನ ಹುಡುಗ ಹುಡುಗಿಯರು ಹೊಲಿಗೆ ಯಂತ್ರಗಳ ಸಾಲಿನಲ್ಲಿ ಕೂತಿದ್ದಾರೆ. ಅವರಲ್ಲಿ ಕೆಲವರು ಇಲ್ಲೇ ಮನೆ ಮಾಡುತ್ತಾರೆ, ಇಲ್ಲಿಯವರನ್ನೇ ಮದುವೆಯಾಗುತ್ತಾರೆ. ಒಡಿಯಾ ಅಪ್ಪನ ಒಂದು ಕಂತೆ, ಕೊಂಗುನಾಡಿನ ಅಮ್ಮನ ಒಂದು ಕಂತೆ ಹೊತ್ತ ಮಗುವಿಗೆ ಒಡಹುಟ್ಟಿದವರ ಆಚೆಗೆ ದಾನಿ ಸಿಗುವುದು ಮೊದಲಿಗಿಂತ ಕಷ್ಟ. ಅಂಥ ಮಗುವಿಗೆ ಒಂದೇ ಕುಲದ ಪಟ್ಟಿ ಸಾಲದು. ಎರಡೂ ಕಡೆಯ ಸಾವಿರಾರು ಜನ ಪಟ್ಟಿಯಲ್ಲಿರಬೇಕು. ಕಾಲೇಜಿನ ಅಂಗಳದಲ್ಲಿ ನಡೆಯುವ ಶಿಬಿರಗಳು ಕಾರ್ಖಾನೆಯ ಗೇಟಿಗೂ, ಆನೈಕಟ್ಟಿಯ ಹಾಡಿಗೂ, ನೆಗಮಂನ ಮಗ್ಗದ ಬೀದಿಗೂ ಹೋಗಬೇಕಾದ್ದು ಇದಕ್ಕಾಗಿ. ಅಲ್ಲಿ ಅರ್ಜಿಯನ್ನು ಒಡಿಯಾದಲ್ಲಿ, ಇರುಳದಲ್ಲಿ, ಕನ್ನಡದಲ್ಲಿ ವಿವರಿಸಬಲ್ಲವರೂ ಬೇಕು, ಕರೆ ಬಂದ ದಿನ ಕೂಲಿ ತಪ್ಪದಂತೆ ರಜೆ ಕೊಡುವ ಯಜಮಾನರೂ ಬೇಕು.